ಹದಿನಾಲ್ಕು ಪಿಸ್ತೂಲು, ಆರು ಖಾಲಿ ಪೆಟ್ಟಿಗೆ

ಅನಂತಕೃಷ್ಣನಿಗೆ ಪಟಾಕಿಯೆಂದರೆ ಭಯ. ದೀಪಾವಳಿ ಬಂತೆಂದರೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಇಂಥ ಮನುಷ್ಯ ಸತ್ತಾಗ ಅವನ ಮಂಚದ ಕೆಳಗೆ ಹದಿನಾಲ್ಕು ಪಿಸ್ತೂಲುಗಳಿದ್ದವು.

ಒಂದೂ ಅಸಲಿಯಲ್ಲ. ಹಾಗೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇರಲಿಲ್ಲ. ಮಲೇಷ್ಯಾದಲ್ಲಿ ಅಸಲಿನಂತೆ ಕಾಣುವ ನಕಲಿ ಪಿಸ್ತೂಲನ್ನು ಇಟ್ಟುಕೊಳ್ಳುವುದೂ ಅಪರಾಧವೇ, ಮತ್ತು ಅನಂತಕೃಷ್ಣನ ನಕಲಿಗಳು ಅಸಲಿಗಿಂತ ಅಸಲಿಯಾಗಿದ್ದವು. ಅವನು ಮಾಡಿದ್ದನ್ನೆಲ್ಲ ಅಚ್ಚುಕಟ್ಟಾಗಿಯೇ ಮಾಡುತ್ತಿದ್ದ. ಸತ್ತದ್ದೂ ಹಾಗೆಯೇ: ಬ್ಯಾಡ್ಮಿಂಟನ್ ಅಂಗಳದಲ್ಲಿ, ಸೆಟ್ಟು ಗೆದ್ದ ಮೇಲೆ, ನಲವತ್ತೊಂದನೆಯ ವಯಸ್ಸಿಗೆ, ತಾನು ಪಾಠ ಮಾಡುತ್ತಿದ್ದ ವೈದ್ಯಕೀಯ ಕಾಲೇಜಿನ ಏಳು ಮಂದಿ ವೈದ್ಯರ ಸಮ್ಮುಖದಲ್ಲಿ.

ಅದಾಗಿ ನಾಲ್ಕು ತಿಂಗಳು. ಈಗ ಮೇ ತಿಂಗಳ ಕೊನೆಯ ವಾರ. ಅವನ ಹೆಂಡತಿ ಮೇಧಾಳ ವೀಸಾ ಶನಿವಾರಕ್ಕೆ ಮುಗಿಯುತ್ತದೆ, ವಿಮಾನವೂ ಶನಿವಾರವೇ. ಸೋಮವಾರ ಬೆಳಿಗ್ಗೆ ಅವಳು ಮೈಸೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಬೇಕು. ಏಳು ವರ್ಷ ಮಲೇಷ್ಯಾದ ಮೆಲಾಕಾ ಪಟ್ಟಣದಲ್ಲಿ ಅವಳು ಕಾಗದಪತ್ರಗಳ ಪ್ರಕಾರ ‘ಅವಲಂಬಿತೆ’, ದುಡಿಯುವ ಹಕ್ಕಿರಲಿಲ್ಲ. ಅವಲಂಬಿಸಲು ಈಗ ಯಾರೂ ಇಲ್ಲವಾದ್ದರಿಂದ ಸರ್ಕಾರ ಆ ಬಿರುದನ್ನೂ ವಾಪಸು ಪಡೆಯುತ್ತಿತ್ತು. ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಮೈಸೂರಿನ ಆ ಕೆಲಸವೊಂದು ಅವಳಿಗೆ ಬೇಕಾಗಿತ್ತು. ಉಳಿದ ಯಾವುದೂ ಬೇಕೆನ್ನಿಸುತ್ತಿರಲಿಲ್ಲ, ಊಟ ಕೂಡ.

ಗುರುವಾರ ಸಾಮಾನು ಕಟ್ಟುವವರು ಬರುತ್ತಾರೆ. ಮಂಚ ಎತ್ತುತ್ತಾರೆ. ಅಷ್ಟರೊಳಗೆ ಕೆಳಗಿನದು ಹೋಗಬೇಕು, ಪೊಲೀಸರು ಅವಳನ್ನು ಹಿಡಿದಿಟ್ಟುಕೊಳ್ಳದ ಹಾಗೆ ಹೋಗಬೇಕು. ಇಲ್ಲವಾದರೆ ಶನಿವಾರದ ವಿಮಾನ ಅವಳಿಲ್ಲದೆ ಹಾರುತ್ತದೆ, ಸೋಮವಾರದ ಕೆಲಸ ಇನ್ನೊಬ್ಬರ ಪಾಲಾಗುತ್ತದೆ.

ಹದಿನಾಲ್ಕು ಒಂದೇ ದಿನ ಬಂದದ್ದಲ್ಲ. ಗಂಡಸಿನ ಅಭಿರುಚಿ ಮೆಲ್ಲಗೆ ಮಾಗುವ ವಸ್ತು, ಹಲಸಿನ ಹಾಗೆ. ಮಾಗುವಾಗ ಮನೆಯವರೆಲ್ಲ ವಾಸನೆ ಸಹಿಸಿಕೊಳ್ಳಬೇಕು.

ಮೊದಲನೆಯದು ಬಂದದ್ದು ಥಾಯ್ಲೆಂಡಿನ ಗಡಿಯೂರಿನ ಆಟಿಕೆ ಅಂಗಡಿಯಿಂದ. ಬೆಳ್ಳಿಯ ಬಣ್ಣದ್ದು, ಮೊಳದುದ್ದ, ದೇವಸ್ಥಾನದ ಗಂಟೆಯಷ್ಟು ಭಾರ. ಅನಂತಕೃಷ್ಣ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತ. ಪ್ಯಾಂಟು ಜಾರಿತು. ಆ ವರ್ಷವೆಲ್ಲ ಅವನಿಗೆ ದೊಡ್ಡದು, ಹೊಳೆಯುವುದು ಬೇಕಿತ್ತು. ಆಮೇಲೆ ಒಂದು ದಿನ ಅವನಿಗೆ ಹೊಳಪಿನ ಮೇಲೆ ವೈರಾಗ್ಯ ಬಂತು.

"ಹೊಳೆಯುವುದೆಲ್ಲ ಸಿನಿಮಾದವರಿಗೆ ಮಾರಾಯ್ತಿ," ಎಂದ. "ಇದು ನೋಡು. ಕಪ್ಪು. ಚೌಕ. ಒಂದು ಗೆರೆ ಹೆಚ್ಚಿಲ್ಲ. ಸರಳತೆ ಅಂದ್ರೆ ಇದು."

ದೋಸೆಗೆ ಎರಡು ಬಗೆಯ ಚಟ್ನಿಯಿಲ್ಲದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದವನು ಸರಳತೆಯ ಬಗ್ಗೆ ಒಂದೂವರೆ ವರ್ಷ ಮಾತಾಡಿದ. ಅಷ್ಟರಲ್ಲಿ ಸರಳವಾದವು ನಾಲ್ಕಾದವು. ಆಮೇಲೆ ಇತಿಹಾಸ ಹಿಡಿಯಿತು: ಎರಡು ಮಹಾಯುದ್ಧಗಳ ಪಿಸ್ತೂಲುಗಳು ಥಾಯ್ಲೆಂಡಿನ ಪ್ಲಾಸ್ಟಿಕ್ಕಿನಲ್ಲಿ ಮೆಲಾಕಾಕ್ಕೆ ಬಂದಿಳಿದವು. ಇತಿಹಾಸದಿಂದ ರಿವಾಲ್ವರಿಗೆ ದಾಟಿದ. "ರಿವಾಲ್ವರ್ ಪ್ರಾಮಾಣಿಕ. ಹೊಟ್ಟೆಯಲ್ಲಿ ಎಂತ ಉಂಟು ಅಂತ ಹೊರಗಿನಿಂದಲೇ ಕಾಣ್ತದೆ." ಅವನು ವಿಕಿರಣಶಾಸ್ತ್ರದ ವೈದ್ಯ, ಹೊಟ್ಟೆಯಲ್ಲಿ ಇರುವುದು ಹೊರಗಿನಿಂದ ಕಾಣುವುದರಲ್ಲಿ ಅವನಿಗೆ ವೃತ್ತಿಪರ ಆಸಕ್ತಿಯಿತ್ತು.

ಮೇಧಾ ಇದನ್ನೆಲ್ಲ ಕುಕ್ಕರಿನ ಸೀಟಿ ಕೇಳುವ ಹಾಗೆ ಕೇಳುತ್ತಿದ್ದಳು, ಕೇಳಿಸಿಕೊಳ್ಳದೆ, ಎಣಿಸುತ್ತ.

"ಕೇಳ್ತಿದ್ದೀಯಾ?"

"ಹೂಂ. ಹೊಟ್ಟೆ."

ಆಮೇಲೆ ಬಂತು ಆ ನವರಾತ್ರಿ. ಹೋದ ವರ್ಷದ್ದಲ್ಲ, ಅದಕ್ಕೂ ಹಿಂದಿನದು. ಆಯುಧಪೂಜೆಯ ದಿನ ನಮ್ಮವರು ಸುಮ್ಮನಿರುವ ಜನವಲ್ಲ. ಕಾರಿಗೆ, ಕಂಪ್ಯೂಟರಿಗೆ, ಮಿಕ್ಸಿಗೆ, ಕೈಗೆ ಸಿಕ್ಕ ಯಂತ್ರಕ್ಕೆಲ್ಲ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಎಕ್ಸ್‌ರೇ ಯಂತ್ರಕ್ಕೆ ಕುಂಕುಮ ಹಚ್ಚಲು ಆಸ್ಪತ್ರೆಯವರು ಒಪ್ಪಲಿಲ್ಲ. ಬೇಸರಪಟ್ಟ ಅನಂತಕೃಷ್ಣ ಮನೆಗೆ ಬಂದು, ಮಣೆಯ ಮೇಲೆ ಹದಿನಾಲ್ಕು ಪಿಸ್ತೂಲುಗಳನ್ನು ಜೋಡಿಸಿ, ಪ್ರತಿಯೊಂದರ ಮೂತಿಗೂ ಹಿಡಿಗೂ ಅರಿಸಿನ ಕುಂಕುಮವಿಟ್ಟು, ಚೆಂಡುಹೂವು ಏರಿಸಿ, ಕೆಂಪಂಚಿನ ಪಂಚೆಯುಟ್ಟು ಎದುರು ಕೂತ. ಮೇಧಾಳ ಕೈಗೆ ಫೋನು ಕೊಟ್ಟು ಫೋಟೊ ತೆಗೆಸಿಕೊಂಡ. ‘ಆಯುಧಪೂಜೆಯ ಶುಭಾಶಯಗಳು’ ಎಂದು ಬರೆದು, ಇನ್ನೂರ ಹನ್ನೆರಡು ಜನರಿದ್ದ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ.

ನಾಲ್ಕು ನಿಮಿಷಕ್ಕೆ ಬಳಗದ ಅಧ್ಯಕ್ಷರಾದ ಡಾಕ್ಟರ್ ಯಜ್ಞನಾರಾಯಣರ ಫೋನು ಬಂತು. ಉಡುಪಿಯವರು, ಔಷಧಶಾಸ್ತ್ರದ ಹಿರಿಯ ಪ್ರಾಧ್ಯಾಪಕರು, ಮೆಲಾಕಾದಲ್ಲಿ ಇಪ್ಪತ್ತು ವರ್ಷ ಕಳೆದವರು.

"ನಿನಗೆ ತಲೆ ಉಂಟಾ ಮಾರಾಯಾ? ಆಟಿಕೆಯಾದ್ರೂ ಇಲ್ಲಿ ಜೈಲು! ತೆಗಿ, ತೆಗಿ, ಈಗ್ಲೇ ತೆಗಿ!" ಮತ್ತೆ ಗುಂಪಿನಲ್ಲಿ ದಪ್ಪಕ್ಷರದ ಪ್ರಕಟಣೆ: ಎಲ್ಲರೂ ತಂತಮ್ಮ ಫೋನಿನಿಂದ ಆ ಫೋಟೊ ಅಳಿಸತಕ್ಕದ್ದು. ಎಲ್ಲರೂ ಅಳಿಸಿದರು. ಬಳಗ ಅಷ್ಟು ಒಗ್ಗಟ್ಟಾಗಿ ಮಾಡಿದ ಕೆಲಸ ಅದೊಂದೇ.

ಕಾನೂನು ತಿಳಿದ ದಿನವೇ ಎಸೆದುಬಿಡಬಹುದಿತ್ತು. ಆದರೆ ಅನಂತಕೃಷ್ಣ ತಲೆ ಅಡ್ಡಡ್ಡ ಆಡಿಸಿದ. ಪೂಜೆ ಮಾಡಿದ್ದನ್ನು ಕಸದಬುಟ್ಟಿಗೆ ಹಾಕುವ ಹಾಗಿಲ್ಲ, ನೀರಿಗೆ ವಿಸರ್ಜನೆಯೇ ಆಗಬೇಕು. ಯಾವ ನೀರಿಗೆ? ಮೆಲಾಕಾ ಹೊಳೆಯ ಎರಡು ದಡದಲ್ಲೂ ಪ್ರವಾಸಿಗಳು, ಅವರ ಕೈಯಲ್ಲಿ ಕ್ಯಾಮೆರಾಗಳು. "ಮುಂದಿನ ನವರಾತ್ರಿಗೆ ನೋಡುವ," ಎಂದ. ಮುಂದಿನ ನವರಾತ್ರಿಗೆ ಮಳೆ ಬಂತು. ಅದರ ಮುಂದಿನದಕ್ಕೆ ಅವನಿಲ್ಲ.

ಹಾಗೆಂದು ಅಭಿರುಚಿ ನಿಲ್ಲುತ್ತದೆಯೇ? ಜೈಲಿನ ಭಯದಿಂದ ಅದು ಇನ್ನೂ ಸೂಕ್ಷ್ಮವಾಯಿತು. ಅಸಲಿ ಪಿಸ್ತೂಲುಗಳನ್ನು ಇಡಲೆಂದು ಮಾಡಿದ ಹಳೆಯ ಮರದ ಪೆಟ್ಟಿಗೆಗಳನ್ನು, ಪೆಟ್ಟಿಗೆಗಳನ್ನು ಮಾತ್ರ, ಅವನು ತರಿಸತೊಡಗಿದ. ಒಳಗೆ ಹಸಿರೋ ಕೆಂಪೋ ಮಖಮಲ್ಲು. ಅದರಲ್ಲಿ ಪಿಸ್ತೂಲಿನ ಆಕಾರದ ಹಳ್ಳ. ಹಳ್ಳದಲ್ಲಿ ಏನೂ ಇಲ್ಲ.

"ನಿಜವಾದ ರಸಿಕನಿಗೆ ವಸ್ತು ಬೇಡ ಮಾರಾಯ್ತಿ," ಎಂದು ಹಳ್ಳದ ಮೇಲೆ ಬೆರಳಾಡಿಸುತ್ತಿದ್ದ. "ಅದು ಇದ್ದ ಜಾಗ ಸಾಕು."

"ಪಾತ್ರೆ ತೊಳೆಯೋದು ಬಾಕಿ ಇದೆ," ಎಂದಿದ್ದಳು ಮೇಧಾ.

ಆ ಗುರುವಾರಕ್ಕೆ ಮೊದಲಿನ ಸೋಮವಾರ ಸಂಜೆ ಯಜ್ಞನಾರಾಯಣರು ಹೆಂಡತಿ ಸ್ವರ್ಣಲತಾರೊಂದಿಗೆ ಬಂದರು, ತುರ್ತು ಸಮಾಲೋಚನೆಗೆ. ಜೊತೆಗೆ ಕಾರ್ತಿಕ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಅನಂತಕೃಷ್ಣನ ಪಿಸ್ತೂಲು ವ್ಯಾಖ್ಯಾನಗಳಿಗೆ ಇದ್ದ ಏಕೈಕ ಶ್ರದ್ಧಾಳು; ಸೈಬರ್‌ಜಯಾದಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಸಾವಿನ ಮನೆಗೆ ಬಂದಾಗ ಎಲ್ಲರೂ ಮಾಡುವಂತೆ ಮೂವರೂ ಮೊದಲು ನೆಲ ನೋಡಿದರು. ಆಮೇಲೆ ಮಂಚದ ಕೆಳಗೆ.

"ಸಮುದ್ರಕ್ಕೆ ಹಾಕುವ," ಎಂದರು ಯಜ್ಞನಾರಾಯಣರು. "ವಿಸರ್ಜನೆಯೂ ಆಯ್ತು, ಕೆಲಸವೂ ಆಯ್ತು. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೇನೆ."

"ಅರ್ಧ ಪ್ಲಾಸ್ಟಿಕ್ ಯಜ್ಞಣ್ಣ," ಎಂದಳು ಮೇಧಾ. "ತೇಲತ್ತೆ."

"ತೇಲ್ತದಾ?"

"ಬೆಳಿಗ್ಗೆ ಸಾಲಾಗಿ ದಡಕ್ಕೆ ಬರತ್ತೆ. ಕುಂಕುಮ ಇಟ್ಕೊಂಡು."

ಪ್ರಾಧ್ಯಾಪಕರು ಆ ದೃಶ್ಯವನ್ನು ಕಲ್ಪಿಸಿಕೊಂಡು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಸ್ವರ್ಣಲತಾ ದೊಡ್ಡ ಡಬ್ಬಿಯಲ್ಲಿ ಬಿಸಿಬೇಳೆಬಾತು ತಂದಿದ್ದರು. ನಾಲ್ಕು ತಿಂಗಳಿಂದ ಬಳಗದ ದುಃಖವೆಲ್ಲ ಈ ಮನೆಗೆ ಡಬ್ಬಿಗಳಲ್ಲೇ ಬರುತ್ತಿತ್ತು. "ಹೂವಿನ ಕುಂಡದಲ್ಲಿ ಹೂತರೆ ಹೇಗೆ ಮೇಧಾ? ಮೇಲೆ ಒಂದು ಕರಿಬೇವಿನ ಗಿಡ ನೆಟ್ಟರೆ ಯಾರಿಗೆ ಗೊತ್ತಾಗ್ತದೆ?"

"ಕುಂಡ ಯಾರು ಇಟ್ಕೋತಾರೆ ಸ್ವರ್ಣಕ್ಕ? ನೀವಾ?"

"ಅಯ್ಯೋ, ನಮ್ಮಲ್ಲಿ ಬಿಸಿಲು ಬರೂದಿಲ್ಲ."

ಕಾರ್ತಿಕ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಆಸೆಗೆ ಹೇಳ್ತಿಲ್ಲ, ಪ್ರಾಮಿಸ್. ಅಣ್ಣನ ನೆನಪಿಗೆ ಒಂದು, ಜಸ್ಟ್ ಒಂದು... ಆ ಲೂಗರ್ ಪಿಸ್ತೂಲ್ ನಂಗೆ ಕೊಟ್ಬಿಡಿ."

"ಅಣ್ಣನ ನೆನಪಿಗೆ ಶರ್ಟುಗಳಿವೆ. ಹನ್ನೆರಡು. ಎಲ್ಲಾ ತಗೊಂಡು ಹೋಗು."

"ಶರ್ಟ್... ಸೈಜ್ ಆಗಲ್ಲ ಅತ್ತಿಗೆ."

"ಜೈಲಿನ ಬಟ್ಟೆ ಎಲ್ಲಾ ಸೈಜಲ್ಲೂ ಸಿಗತ್ತಂತೆ."

ಅವನು ಬಿಸಿಬೇಳೆಬಾತಿನ ಡಬ್ಬಿ ನೋಡುತ್ತ ಕೂತ. ಮೇಧಾ ತನ್ನ ತೀರ್ಮಾನ ಹೇಳಿದಳು: ನಾಳೆ ಬೆಳಿಗ್ಗೆ ಎಲ್ಲವನ್ನೂ ತಾನೇ ಪೊಲೀಸ್ ಠಾಣೆಗೆ ಒಯ್ಯುವುದು. ಮೂವರೂ ಒಟ್ಟಿಗೆ ಬಾಯಿ ತೆರೆದರು. ಯಾರಾದರೂ ತಾನಾಗಿ ಹುಲಿಯ ಬಾಯಿಗೆ ತಲೆ ಕೊಡುತ್ತಾರೆಯೇ?

"ಯಾರೋ ಕಂಡುಹಿಡಿದು ತಂದುಕೊಟ್ಟರೆ ಸಿಕ್ಕಿಬೀಳೋ ಸಂಭವ ಹೆಚ್ಚು," ಎಂದಳು. "ನಾನೇ ಕೊಟ್ಟರೆ ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ಯಜ್ಞಣ್ಣ, ಜೊತೆಗೆ ಬರ್ತೀರಾ?"

ಯಜ್ಞನಾರಾಯಣರಿಗೆ ಮರುದಿನ ಬೆಳಿಗ್ಗೆ ಪರೀಕ್ಷಾ ಮಂಡಳಿಯ ಸಭೆಯಿತ್ತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದರು. "ಆ ಫೋಟೊ... ನಿನ್ನ ಫೋನಲ್ಲಿ ಇಲ್ಲ ಅಲ್ವಾ? ಅಳಿಸಿದ್ದೀ ಅಲ್ವಾ?"

"ಹೂಂ," ಎಂದಳು ಮೇಧಾ.

ಅಳಿಸಿರಲಿಲ್ಲ. ಯಾಕೆಂದು ಅವಳನ್ನು ಕೇಳಿದ್ದರೆ, ಆ ಫೋಟೊದಲ್ಲಿ ತನ್ನ ಕೋಸಂಬರಿ ಬಟ್ಟಲು ಚೆನ್ನಾಗಿ ಬಂದಿದೆ ಎನ್ನುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಚಕ್ರದ ಸೂಟ್‌ಕೇಸನ್ನು ಬಾಡಿಗೆ ಕಾರಿಗೆ ಏರಿಸಿದಳು. ಹದಿನಾಲ್ಕು ಪಿಸ್ತೂಲು, ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿದವು. ಆರು ಪೆಟ್ಟಿಗೆ. ಡ್ರೈವರ್ ನಗುತ್ತ, "ಏರ್‌ಪೋರ್ಟ್, ಮೇಡಂ? ಬಾಲಿಕ್ ಇಂಡಿಯಾ?" ಎಂದ, ಊರಿಗೆ ವಾಪಸೇ ಎಂಬ ಅರ್ಥದಲ್ಲಿ.

"ಪೊಲೀಸ್ ಸ್ಟೇಷನ್."

ಆಮೇಲೆ ಅವನು ರೇಡಿಯೊದ ಸದ್ದು ಜಾಸ್ತಿ ಮಾಡಿದ.

ಠಾಣೆಯಲ್ಲಿ ಸಾರ್ಜೆಂಟ್ ರೊಹಾನಾ ಎಂಬ ಹೆಂಗಸು ಕೂತಿದ್ದಳು. ತಲೆವಸ್ತ್ರ ಅಚ್ಚುಕಟ್ಟು, ಮುಖವೂ ಅಷ್ಟೇ. ಗಂಡನ ನಕಲಿ ಪಿಸ್ತೂಲುಗಳನ್ನು ಒಪ್ಪಿಸಲು ಬಂದಿದ್ದೇನೆ, ಇವುಗಳ ಬಗ್ಗೆ ನನಗೇನೂ ಗೊತ್ತಿಲ್ಲ ಎಂದು ಮೇಧಾ ಇಂಗ್ಲಿಷಿನಲ್ಲಿ ಹೇಳಿದಾಗ, ಕಳೆದ ಛತ್ರಿಯ ದೂರು ಕೇಳಿದವಳಂತೆ ತಲೆಯಾಡಿಸಿ ಮೊದಲ ಗಂಟು ಬಿಚ್ಚಿದಳು. ಬಿಚ್ಚಿದವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು.

ಪಿಸ್ತೂಲಿನ ಮೂತಿಯಲ್ಲಿ ಒಣಗಿದ ಕೆಂಪು. ಹಿಡಿಯಲ್ಲಿ ಒಣಗಿದ ಕೆಂಪು. ಎರಡನೆಯದರಲ್ಲೂ. ಮೂರನೆಯದರಲ್ಲೂ.

"ಪುವಾನ್," ಎಂದಳು ಮೆತ್ತಗೆ, ಮೇಡಂ ಎನ್ನುವ ಹಾಗೆ. "ಕೈ ಮೇಜಿನ ಮೇಲಿಡಿ. ಇದು ಯಾರ ರಕ್ತ?"

ಮೇಧಾ ಕೈಗಳನ್ನು ಮೇಜಿನ ಮೇಲಿಟ್ಟಳು. ಹದಿನಾಲ್ಕು ಆಯುಧ, ಹದಿನಾಲ್ಕರಲ್ಲೂ ರಕ್ತ, ತಾನಾಗಿ ಬಂದ ಒಬ್ಬ ವಿಧವೆ. ಬೇರೆಯವರ ಕಥೆಯಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. "ರಕ್ತ ಅಲ್ಲ. ಕುಂಕುಮ. ಪೂಜೆ ಮಾಡಿದ್ದು."

"ಪಿಸ್ತೂಲಿಗೆ?"

ಒಳಗಿನಿಂದ ಕಾರ್ಪೊರಲ್ ಮುನಿಯಾಂಡಿಯನ್ನು ಕರೆಸಲಾಯಿತು. ಅಗಲ ಮೀಸೆಯ ತಮಿಳರವನು. ಬಗ್ಗಿ ಮೂಸಿದ, ಕಿರುಬೆರಳಿನಿಂದ ಕೆರೆದು ನೋಡಿದ, ಮುಖ ಅರಳಿಸಿದ. "ಆಯುಧ ಪೂಜೈಯಾ ಅಮ್ಮಾ?" ಮತ್ತೆ ಸಾರ್ಜೆಂಟ್ ಕಡೆ ತಿರುಗಿ ಮಲಯ್ ಭಾಷೆಯಲ್ಲಿ ವಿವರಿಸಿದ: ನಮ್ಮವರು ಹೀಗೆ ಮಾಡುವುದುಂಟು, ನಾನೂ ಪ್ರತಿ ವರ್ಷ ನನ್ನ ಮೋಟಾರ್‌ಸೈಕಲ್ಲಿಗೆ ಹಚ್ಚುತ್ತೇನೆ.

"ನಿನ್ನ ಮೋಟಾರ್‌ಸೈಕಲ್ಲಿಗೆ ಲೈಸೆನ್ಸ್ ಇದೆ," ಎಂದಳು ರೊಹಾನಾ. ಮುನಿಯಾಂಡಿ ಮೀಸೆ ಮುಟ್ಟಿಕೊಂಡು ಹಿಂದೆ ಸರಿದ.

ರಕ್ತದ ಪ್ರಶ್ನೆ ಮುಗಿಯಿತು, ಕಾಗದದ ಪ್ರಶ್ನೆ ಹುಟ್ಟಿತು. ಒಂದೊಂದು ವಸ್ತುವನ್ನೂ ವಿವರಿಸಿ ಬರೆದುಕೊಳ್ಳಬೇಕು. ರೊಹಾನಾ ಬರೆಯತೊಡಗಿದಳು: ಒಂದು, ಪಿಸ್ತೂಲು, ಕಪ್ಪು. ಎರಡು, ಪಿಸ್ತೂಲು, ಕಪ್ಪು. ಮೂರು, ಪಿಸ್ತೂಲು...

"ಅದು ಪಿಸ್ತೂಲಲ್ಲ," ಎಂದಳು ಮೇಧಾ. "ರಿವಾಲ್ವರ್."

ರೊಹಾನಾ ಪೆನ್ನು ಎತ್ತಿದಳು. ಮೇಧಾ ಸುಮ್ಮನಿರಬೇಕಿತ್ತು. ಸುಮ್ಮನಿರಬೇಕೆಂದು ಗೊತ್ತೂ ಇತ್ತು.

"ಇದು ವೆಬ್ಲಿ. ಇಂಗ್ಲೆಂಡಿನದು. ನಡುವಿನಲ್ಲಿ ಮಡಚಿಕೊಳ್ಳತ್ತೆ, ಗುಂಡು ಮೇಲಿನಿಂದ ತುಂಬೋದು. ಅದು ಮೌಸರ್, ಹಿಡಿ ನೋಡಿ, ಪೊರಕೆಯ ಹಿಡಿಯ ಹಾಗೆ ದುಂಡಗಿದೆ, ಅಡ್ಡಹೆಸರೇ ಪೊರಕೆಹಿಡಿ. ಆ ಎರಡೂ ಒಂದೇ ಅಲ್ಲ, ಎಡಗಡೆಯದು ಒಂದು ಬೆರಳು ಗಿಡ್ಡ. ಇದರಲ್ಲಿ ಸೇಫ್ಟಿ ಇಲ್ಲ, ಇದ್ದರೆ ಅದು ನಕಲಿಯಲ್ಲೂ ನಕಲಿ." ಮಾತು ತಾನಾಗಿ ಬರುತ್ತಿತ್ತು, ಎಣಿಸಿದ ಸೀಟಿಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಊದಿದ ಹಾಗೆ. ಏಳು ವರ್ಷ ಅವಳು ಕೇಳಿಸಿಕೊಂಡಿರಲಿಲ್ಲ. ಒಂದಕ್ಷರವೂ ಸೋರಿಹೋಗಿರಲಿಲ್ಲ. "ಇದು ಲೂಗರ್. ಮೇಲ್ಗಡೆ ಮೊಣಕಾಲಿನ ಹಾಗೆ ಮಡಚಿ ಏಳತ್ತೆ. ಇಷ್ಟು ಚೆಂದದ್ದು ಮತ್ತೆ ಯಾರೂ ಮಾಡಲಿಲ್ಲ ಮಾರಾಯ್ತಿ."

ರೊಹಾನಾ ಬರೆದುಕೊಂಡಳು. "ಮಾರಾಯ್ತಿ. ಅದು ತಯಾರಕರ ಹೆಸರಾ?"

ಮೇಧಾ ಮೈಸೂರಿನವಳು. ಆ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದಳು. "ಅಲ್ಲ," ಎಂದಳು. "ಅದನ್ನ ಹೊಡೆದುಹಾಕಿ."

ಹೊಡೆದುಹಾಕಿದ ಮೇಲೆ ರೊಹಾನಾ ಕುರ್ಚಿಗೆ ಒರಗಿದಳು. "ಏನೂ ಗೊತ್ತಿಲ್ಲ, ಗಂಡನದು ಅಂದಿರಿ. ನಮ್ಮ ಠಾಣೆಯಲ್ಲಿ ಯಾರಿಗೂ ಇಷ್ಟು ಗೊತ್ತಿಲ್ಲ. ನಿಜ ಹೇಳಿ, ಇವು ನಿಮ್ಮದೇ ಅಲ್ಲವಾ?"

"ನನ್ನ ಗಂಡನದು."

"ಅವರನ್ನು ಕರೆಸಿ."

ಮೇಧಾ ಚೀಲದಿಂದ ಮರಣಪತ್ರ ತೆಗೆದು ಮುಂದಿಟ್ಟಳು. ರೊಹಾನಾ ಓದಿದಳು. ಅವಳ ದನಿ ಒಂದಿಷ್ಟು ತಗ್ಗಿತು, ಮಾತು ತಗ್ಗಲಿಲ್ಲ. "ಇದು ಅವರು ತೀರಿಕೊಂಡದ್ದಕ್ಕೆ ಸಾಕ್ಷಿ. ಇವು ಅವರದು ಅನ್ನುವುದಕ್ಕೆ ಅಲ್ಲ. ಸಿಕ್ಕಿದ್ದೆಲ್ಲ ಸತ್ತವರದು ಅಂತ ಎಲ್ಲರೂ ಹೇಳುತ್ತಾರೆ ಪುವಾನ್. ಸತ್ತವರು ಬಂದು ಅಲ್ಲ ಅನ್ನುವುದಿಲ್ಲ."

ತರ್ಕ ಸರಿಯಾಗಿತ್ತು. ವಿದ್ಯಾರ್ಥಿನಿಯಾಗಿದ್ದರೆ ಮೇಧಾ ಪೂರ್ಣ ಅಂಕ ಕೊಡುತ್ತಿದ್ದಳು. ರೊಹಾನಾ ಕೈ ಚಾಚಿ ಪಾಸ್‌ಪೋರ್ಟ್ ಕೇಳಿದಳು, ಅದನ್ನು ಡ್ರಾಯರಿನೊಳಗೆ ಹಾಕಿದಳು, ಡ್ರಾಯರು ಮುಚ್ಚಿತು. ತನಿಖೆಯಾಗಬೇಕು. ಎಷ್ಟು ದಿನವೆಂದು ಹೇಳಲಾಗದು. ಶನಿವಾರದ ಟಿಕೆಟ್ಟಿನ ವಿಷಯ ಹೇಳಿದಾಗ, ಟಿಕೆಟ್ ಬದಲಿಸಬಹುದಲ್ಲ ಎಂದಳು. ಸೋಮವಾರವನ್ನು ಬದಲಿಸಲಾಗುತ್ತಿರಲಿಲ್ಲ. ಕರಿಹಲಗೆ, ಸೀಮೆಸುಣ್ಣ, ಅರವತ್ತು ಮುಖಗಳು ಡ್ರಾಯರಿನೊಳಗೆ ಸೇರಿ ಮುಚ್ಚಿಕೊಂಡದ್ದನ್ನು ಮೇಧಾ ನೋಡುತ್ತಿದ್ದಳು. ಏನೂ ಅನ್ನಿಸುವುದಿಲ್ಲವೆಂದುಕೊಂಡಿದ್ದಳು. ಅನ್ನಿಸಿತು.

ಫೋನು ಅದುರಿತು. ಯಜ್ಞನಾರಾಯಣರ ಸಂದೇಶ: ‘ಎಂತ ಆಯ್ತು? ಫೋಟೊ ಇಲ್ಲ ಅಲ್ವಾ? ನನ್ನ ಹೆಸರು ಹೇಳಬೇಡ.’

ಮೇಧಾ ಅದನ್ನು ಎರಡು ಸಲ ಓದಿದಳು. ಆಮೇಲೆ ಫೋಟೊ ತೆರೆದು ಫೋನನ್ನು ಮೇಜಿನ ಮೇಲೆ ರೊಹಾನಾಳ ಕಡೆಗೆ ತಿರುಗಿಸಿಟ್ಟಳು. ನಾಲ್ಕು ತಿಂಗಳಲ್ಲಿ ಅದನ್ನು ತೆರೆದದ್ದು ಅದೇ ಮೊದಲು.

ಮಣೆ, ಚೆಂಡುಹೂವು, ಹದಿನಾಲ್ಕು ಮೂತಿಗಳ ಮೇಲೆ ಹದಿನಾಲ್ಕು ಬೊಟ್ಟು, ಕೆಳಗೆ ತಾರೀಖು. ಅದರ ಹಿಂದೆ ಕೆಂಪಂಚಿನ ಪಂಚೆಯಲ್ಲಿ ಅನಂತಕೃಷ್ಣ, ಕೈಮುಗಿದು, ಭಕ್ತಿಯಿಂದ ಕಣ್ಣು ಮುಚ್ಚಿ. ಒಂದು ಕಣ್ಣು. ಇನ್ನೊಂದನ್ನು ಚೂರೇ ತೆರೆದು, ಹೆಂಡತಿ ಫೋಟೊ ಸರಿಯಾಗಿ ತೆಗೆಯುತ್ತಿದ್ದಾಳೆಯೇ ಎಂದು ನೋಡುತ್ತಿದ್ದ.

ರೊಹಾನಾ ಚಿತ್ರವನ್ನು ದೊಡ್ಡದು ಮಾಡಿದಳು. ಪಿಸ್ತೂಲುಗಳನ್ನು ಒಂದೊಂದಾಗಿ ಮೇಜಿನ ಮೇಲಿನವುಗಳೊಂದಿಗೆ ತಾಳೆ ನೋಡಿದಳು. ಆಮೇಲೆ ಅವಳ ಕಣ್ಣು ಮುಖದ ಮೇಲೆ ನಿಂತಿತು.

"ಕಿವಿಯಲ್ಲಿ ಏನದು? ಬಿಳಿ?"

"ಹತ್ತಿ."

"ಯಾಕೆ?"

"ಆವತ್ತು ಪಕ್ಕದ ಮನೆ ಮಕ್ಕಳು ಪಟಾಕಿ ಹೊಡೀತಿದ್ದರು. ಅವನಿಗೆ ಪಟಾಕಿ ಅಂದ್ರೆ ಭಯ." ಆಮೇಲೆ ತಿದ್ದಿ ಹೇಳಿದಳು, "ಭಯ ಇತ್ತು."

ಮುನಿಯಾಂಡಿ ಭುಜದ ಮೇಲಿಂದ ಇಣುಕಿ ನೋಡಿದ. ರೊಹಾನಾ ಹದಿನಾಲ್ಕು ಆಯುಧಗಳ ಹಿಂದೆ ಹತ್ತಿ ಇಟ್ಟುಕೊಂಡು ಕೂತ ಮನುಷ್ಯನನ್ನು ಬಹಳ ಹೊತ್ತು ನೋಡಿದಳು. ತುಟಿ ಒಂದು ಕಡೆ ಎಳೆದುಕೊಂಡಿತು. ಅದನ್ನು ಸರಿಮಾಡಿಕೊಳ್ಳಲು ಅವಳು ಕೆಮ್ಮಬೇಕಾಯಿತು. ಫೋಟೊವನ್ನು ಠಾಣೆಯ ನಂಬರಿಗೆ ಕಳಿಸಿಕೊಂಡು, ಒಳಗೆ ಹೋಗಿ ಮೇಲಧಿಕಾರಿಗೆ ಫೋನು ಮಾಡಿದಳು. ಒಳಗಿನಿಂದ "ಕಪಾಸ್, ತುವಾನ್, ಕಪಾಸ್" ಎಂದು ಎರಡು ಸಲ ಕೇಳಿಸಿತು. ಹತ್ತಿಗೆ ಮಲಯ್ ಭಾಷೆಯಲ್ಲಿ ಏನನ್ನುತ್ತಾರೆಂದು ಮೇಧಾಳಿಗೆ ಏಳು ವರ್ಷಕ್ಕೆ ಗೊತ್ತಾಯಿತು.

ಹೇಳಿಕೆ ಬರೆದದ್ದಾಯಿತು, ಮೂರು ಕಡೆ ಸಹಿಯಾಯಿತು. ವಸ್ತುಗಳು ಇಲ್ಲೇ ಇರುತ್ತವೆ, ಮಾಲೀಕ ತೀರಿಕೊಂಡಿದ್ದಾನೆ, ತಂದೊಪ್ಪಿಸಿದವರ ಮೇಲೆ ಕ್ರಮವಿಲ್ಲ. ಡ್ರಾಯರು ತೆರೆಯಿತು, ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು. ಕೊನೆಗೆ ರೊಹಾನಾಳ ಕಣ್ಣು ಸೂಟ್‌ಕೇಸಿನ ತಳದಲ್ಲಿದ್ದ ಪೆಟ್ಟಿಗೆಗಳ ಮೇಲೆ ಬಿತ್ತು. ಒಂದನ್ನು ತೆರೆದಳು. ಹಸಿರು ಮಖಮಲ್ಲು, ಪಿಸ್ತೂಲಿನ ಆಕಾರದ ಹಳ್ಳ. ಮುಖ ಮತ್ತೆ ಅಚ್ಚುಕಟ್ಟಾಯಿತು.

"ಇದರೊಳಗಿನದು ಎಲ್ಲಿ?"

"ಇರಲೇ ಇಲ್ಲ. ಪೆಟ್ಟಿಗೆಯನ್ನಷ್ಟೇ ಕೂಡಿಹಾಕ್ತಿದ್ದ."

"ಖಾಲಿ ಪೆಟ್ಟಿಗೆ?"

"ಅದು ಇದ್ದ ಜಾಗ ಸಾಕು ಅಂತಿದ್ದ."

ರೊಹಾನಾ ಆರನ್ನೂ ತೆರೆದು, ಆರರಲ್ಲೂ ಏನೂ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಮುಚ್ಚಿದಳು. "ಖಾಲಿ ಪೆಟ್ಟಿಗೆ ಅಪರಾಧವಲ್ಲ. ತೆಗೆದುಕೊಂಡು ಹೋಗಿ." ಅನಂತಕೃಷ್ಣನ ಅಭಿರುಚಿಯ ಕೊನೆಯ ಮೆಟ್ಟಿಲು ಮಾತ್ರ ಕಾನೂನುಬದ್ಧವಾಗಿತ್ತು.

ಸಂಜೆ ಬಳಗದ ಗುಂಪಿನಲ್ಲಿ ಯಜ್ಞನಾರಾಯಣರು, ಒಂದು ಸೂಕ್ಷ್ಮ ವಿಷಯವನ್ನು ಹಿರಿಯರ ಮಾರ್ಗದರ್ಶನದಲ್ಲಿ ಸುಸೂತ್ರವಾಗಿ ಬಗೆಹರಿಸಲಾಗಿದೆ ಎಂದು ಬರೆದರು. ಐವತ್ತು ಜನ ಕೈಮುಗಿದರು. ಕಾರ್ತಿಕ ಬೇರೆಯಾಗಿ ಕೇಳಿದ: ‘ಅತ್ತಿಗೆ, ಲೂಗರ್?’ ‘ಸ್ಟೇಷನ್ನಿನಲ್ಲಿದೆ, ಹೋಗಿ ಕೇಳು,’ ಎಂದು ಮೇಧಾ ಉತ್ತರಿಸಿದಳು. ಶರ್ಟುಗಳನ್ನು ಯಾರಿಗೂ ಕೊಡಲಿಲ್ಲ.

ಗುರುವಾರ ಸಾಮಾನು ಕಟ್ಟುವವರು ಬಂದರು. ಮಂಚ ಎತ್ತಿದರು, ಕೆಳಗೆ ಧೂಳಿತ್ತು. ಅವರ ಮೇಸ್ತ್ರಿ ಪಟ್ಟಿ ಬರೆಯುತ್ತ ಬಂದು ಮರದ ಪೆಟ್ಟಿಗೆಗಳ ಮುಂದೆ ನಿಂತ. ಒಂದನ್ನು ಅಲ್ಲಾಡಿಸಿ ನೋಡಿದ. ಸದ್ದಿಲ್ಲ.

"ಒಳಗೆ ಏನು, ಮೇಡಂ?"

"ಏನೂ ಇಲ್ಲ."

"ಬಿಸಾಡಬಹುದಾ?"

ಮೇಧಾ ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು, ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿದಳು, ಉಳಿದ ಐದರ ಮೇಲೆ ಇಟ್ಟಳು.

"ಹಳೇ ಪೇಪರ್ ಜಾಸ್ತಿ ಹಾಕಿ ಸುತ್ತಿ," ಎಂದಳು. "ಒಡೆಯೋ ಸಾಮಾನು ಅಂತ ಬರೀರಿ."